ಒಂದೇ ಚೌಕಟ್ಟಿನಲ್ಲಿ ಎರಡು ಕಾಲ: ಭಾವಚಿತ್ರ ಜೋಡಿಸುವ ಬಗೆ

ರಾಯಚೂರು: ಮದುವೆಯ ಚಿತ್ರದಲ್ಲಿ ಮಗನ ಪಕ್ಕದಲ್ಲಿ ತಂದೆ ನಿಂತಿದ್ದಾರೆ. ಆದರೆ ಆ ತಂದೆ ಮದುವೆಗೆ ಎಷ್ಟೋ ವರ್ಷ ಮುಂಚೆಯೇ ತೀರಿಕೊಂಡವರು. ರಾಯಚೂರು ನಗರದಲ್ಲಾಗಲಿ, ದೇವದುರ್ಗ, ಮಾನ್ವಿಗಳಲ್ಲಾಗಲಿ ಫೋಟೊ ಸ್ಟುಡಿಯೊದವರಿಗೆ ಇಂತಹ ಕೋರಿಕೆ ಹೊಸದಲ್ಲ. ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳಲ್ಲಿ ಹಿರಿಯರ ಚಿತ್ರವೆಂದರೆ ಅನೇಕ ವೇಳೆ ಯಾವುದೋ ಅರ್ಜಿಗೆ ತೆಗೆಸಿದ ಒಂದು ಪಾಸ್‌ಪೋರ್ಟ್ ಅಳತೆಯ ಪ್ರತಿ ಮಾತ್ರ. ಆ ಒಂದೇ ಪ್ರತಿಯನ್ನು ಹೇಗೆ ಬಳಸಬೇಕೆಂಬುದು ಇಲ್ಲಿನ ವಿಷಯ.

ಎರಡು ಚಿತ್ರಗಳನ್ನು ಬೆಸೆಯುವ ಕಲೆ ಗಣಕಯಂತ್ರಕ್ಕಿಂತ ಬಹಳ ಹಳೆಯದು. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಆಸ್ಕರ್ ರೇಲಾಂಡರ್ 1857ರಲ್ಲಿಯೇ 30ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ಚಿತ್ರ ರಚಿಸಿದ್ದರು. 1990ರಲ್ಲಿ ಬಂದ ಫೋಟೋಶಾಪ್ ತಂತ್ರಾಂಶಕ್ಕೆ 1994ರಲ್ಲಿ ಲೇಯರ್ ಸೌಲಭ್ಯ ಸೇರಿದ ಮೇಲೆ ಈ ಕೆಲಸ ಮೇಜಿನ ಮೇಲಿನದಾಯಿತು. ಹಣ ಕೊಡಲಾರದವರಿಗೆ ಉಚಿತವಾದ ಗಿಂಪ್ ಇದೆ. ಕೆಲಸದ ಕ್ರಮ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ.

ಮೊದಲು ಹಳೆಯ ಪ್ರತಿಯನ್ನು ಅಂಗುಲಕ್ಕೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಬೇಕು. 3.5 ಸೆಂ.ಮೀ. ಅಗಲದ ಚಿತ್ರದಿಂದ ಆಗ ಅಡ್ಡಕ್ಕೆ ಸುಮಾರು 825 ಚುಕ್ಕೆಗಳು ಸಿಗುತ್ತವೆ. ಅಂಗುಲಕ್ಕೆ 300ರಂತೆ ಮುದ್ರಿಸಿದರೆ ಮೂಲದ ಎರಡರಷ್ಟು ದೊಡ್ಡದು ಮಾಡಬಹುದು, ಅದಕ್ಕಿಂತ ಹೆಚ್ಚು ಹಿಗ್ಗಿಸಿದರೆ ಮುಖ ಮಸುಕಾಗುತ್ತದೆ. ಗುರುತಿನ ಚೀಟಿಯ ಮೇಲೆ ಅಚ್ಚಾದ ಮುಖ ಕೊನೆಯ ಆಯ್ಕೆ.

ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂತೆ. ಮದುವೆಯ ಚಿತ್ರ ಕೆಳಗೆ, ತಂದೆಯ ಚಿತ್ರ ಮೇಲೆ. ತಂದೆಯ ಸುತ್ತಲಿನ ಹಿನ್ನೆಲೆಯನ್ನು ಎರೇಸರ್‌ನಿಂದ ಅಳಿಸಬಾರದು, ಅಳಿಸಿದ್ದು ಹೋದಂತೆಯೇ. ಮಾಸ್ಕ್ ಬಳಸಿ ಕಪ್ಪು ಬಳಿದರೆ ಆ ಭಾಗ ಮರೆಯಾಗುತ್ತದೆ, ಬಿಳಿ ಬಳಿದರೆ ಮರಳಿ ಕಾಣುತ್ತದೆ. ರುಮಾಲಿನ ಅಂಚು, ಕಿವಿಯ ಬಳಿಯ ನರೆಗೂದಲು ಇಂತಹ ಕಡೆ ಸಣ್ಣ ಮೃದುವಾದ ಬ್ರಷ್ ಬೇಕು. ಇಲ್ಲವಾದರೆ ಕತ್ತರಿಯಿಂದ ಕತ್ತರಿಸಿ ಅಂಟಿಸಿದಂತೆ ತೋರುತ್ತದೆ.

ಅಂಚು ಎಷ್ಟು ನಯವಾದರೂ ಬೆಳಕು ಹೊಂದದಿದ್ದರೆ ಚಿತ್ರ ಕೆಡುತ್ತದೆ. ಮಗನ ಮುಖಕ್ಕೆ ಬೆಳಕು ಎಡದಿಂದ, ತಂದೆಯ ಮುಖಕ್ಕೆ ಬಲದಿಂದ ಬಿದ್ದಿದ್ದರೆ ನೋಡುಗರಿಗೆ ಕಾರಣ ಹೇಳಲು ಬಾರದು, ಆದರೂ ಏನೋ ಸರಿಯಿಲ್ಲವೆನಿಸುತ್ತದೆ. ಕೆಲವರು ಚಿತ್ರವನ್ನೇ ಕನ್ನಡಿಯಂತೆ ತಿರುಗಿಸಿಬಿಡುತ್ತಾರೆ. ಹಾಗೆ ಮಾಡಿದಾಗ ಅಂಗಿಯ ಜೇಬು ಬಲಕ್ಕೆ ಬರುತ್ತದೆ, ತಾಯಿಯ ಚಿತ್ರವಾದರೆ ಮೂಗುತಿಯೂ ಸೆರಗೂ ಬದಿ ಬದಲಿಸುತ್ತವೆ. ಹೊರಗಿನವರು ಗಮನಿಸದಿದ್ದರೂ ಮನೆಯ ಮುದುಕಿಯ ಕಣ್ಣಿಗೆ ಅದು ಮೊದಲು ಬೀಳುತ್ತದೆ. ಎದುರಿನಿಂದ ಸಮವಾಗಿ ಬೆಳಕು ಬಿದ್ದ ಮದುವೆಯ ಚಿತ್ರವನ್ನೇ ಆರಿಸಿಕೊಳ್ಳುವುದು ಇದಕ್ಕಿಂತ ಲೇಸು. ಪಾಸ್‌ಪೋರ್ಟ್ ಚಿತ್ರದ ಬೆಳಕೂ ಬಹುಮಟ್ಟಿಗೆ ಹಾಗೆಯೇ ಇರುತ್ತದೆ.

ಬಣ್ಣ ಹೊಂದದಿದ್ದರೆ ಎರಡನ್ನೂ ಕಪ್ಪುಬಿಳುಪಿಗೆ ತರುವುದು ಸುಲಭೋಪಾಯ. ಪಾಸ್‌ಪೋರ್ಟ್ ಚಿತ್ರದಲ್ಲಿ ಎದೆಯ ಕೆಳಗೆ ಏನೂ ಇರುವುದಿಲ್ಲವಾದ್ದರಿಂದ ತಂದೆಯನ್ನು ದಂಪತಿಗಳ ಹಿಂದೆ, ಅವರ ಹೆಗಲುಗಳ ನಡುವೆ ನಿಲ್ಲಿಸಬೇಕು. ಬೇರೊಬ್ಬರ ಮೈಗೆ ತಲೆ ಜೋಡಿಸುವ ಪದ್ಧತಿಯೂ ಉಂಟು. ಅದು ಚೆಂದ ಕಾಣುವುದು ಅಪರೂಪ.

ಈಗ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಇದೆಲ್ಲವನ್ನೂ ಕ್ಷಣದಲ್ಲಿ ಮಾಡಿಕೊಡುತ್ತವೆ. ಆದರೆ ಅವು ಮಸುಕಾದ ಮುಖವನ್ನು ತಿಳಿಗೊಳಿಸುವುದಿಲ್ಲ, ಊಹಿಸಿ ಹೊಸದಾಗಿ ಬರೆಯುತ್ತವೆ. ಹುಬ್ಬಿನ ಮೇಲಿನ ಗಾಯದ ಗುರುತು ಮಾಯವಾಗಬಹುದು, ಹಲ್ಲು ನೇರವಾಗಬಹುದು. ಮೊಮ್ಮಕ್ಕಳು ಅಜ್ಜನನ್ನು ಕಂಡೇ ಇಲ್ಲದಿದ್ದರೆ ಆ ಊಹೆಯ ಮುಖವೇ ಅವರಿಗೆ ಅಜ್ಜನಾಗಿಬಿಡುತ್ತದೆ. ಆದ್ದರಿಂದ ಸ್ಕ್ಯಾನ್ ಮಾಡಿದ ಮೂಲ ಕಡತವನ್ನು ಮುಟ್ಟದೆ ಬೇರೆಯಾಗಿ ಉಳಿಸಬೇಕು. ಲೇಯರ್‌ಗಳಿರುವ ಕಡತವನ್ನು ಇನ್ನೊಂದು ಹೆಸರಿನಲ್ಲಿ ಇಟ್ಟು, ಮುದ್ರಿತ ಚಿತ್ರದ ಹಿಂಬದಿಯಲ್ಲಿ ಇದು ಜೋಡಿಸಿದ ಚಿತ್ರವೆಂದೂ, ಯಾವ ಯಾವ ವರ್ಷದ ಪ್ರತಿಗಳಿಂದ ಮಾಡಿದ್ದೆಂದೂ ಪೆನ್ಸಿಲಿನಲ್ಲಿ ಬರೆಯಬೇಕು. ಹಳೆಯ ಪ್ರತಿಯನ್ನು ಸ್ಟುಡಿಯೊದಲ್ಲಿ ಬಿಡದೆ ಅಂದೇ ಮನೆಗೆ ಒಯ್ಯುವುದು ಒಳ್ಳೆಯದು.