ಬಿಚ್ಚಿ ನೋಡಬೇಕಾದ ಗಿಟಾರ್

2005ರ ನವೆಂಬರಿನಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ‘ಗಿಟಾರ್ ಹೀರೋ’ ಎಂಬ ವಿಡಿಯೋ ಗೇಮಿನ ಪೆಟ್ಟಿಗೆಯಲ್ಲಿ ಡಿಸ್ಕಿನ ಜೊತೆಗೆ ಒಂದು ಪ್ಲಾಸ್ಟಿಕ್ ಗಿಟಾರೂ ಇರುತ್ತಿತ್ತು. ಅದಕ್ಕೆ ತಂತಿಗಳಿಲ್ಲ. ಕುತ್ತಿಗೆಯ ಮೇಲೆ ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಬಣ್ಣದ ಐದು ಬಟನ್‌ಗಳು, ಮೈಮೇಲೆ ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಮೀಟುವ ಒಂದು ಪಟ್ಟಿ, ಪಕ್ಕದಲ್ಲಿ ಸ್ವರವನ್ನು ತೂಗಾಡಿಸುವ ವ್ಯಾಮಿ ಎಂಬ ಹಿಡಿ. ಟಿವಿ ಪರದೆಯ ಮೇಲೆ ಬಣ್ಣದ ಬಿಲ್ಲೆಗಳು ಇಳಿದು ಬಂದಂತೆ ಅದೇ ಬಣ್ಣದ ಬಟನ್ ಒತ್ತಿ ಪಟ್ಟಿ ಮೀಟಿದರೆ ಹಾಡು ಮುಂದುವರಿಯುತ್ತದೆ. 2007ರಲ್ಲಿ ‘ರಾಕ್ ಬ್ಯಾಂಡ್’ ಎಂಬ ಪ್ರತಿಸ್ಪರ್ಧಿ ಬಂತು, ವರ್ಷಕ್ಕೆ ಹಲವು ಆವೃತ್ತಿಗಳು ಬಂದವು, ಜನ ಬೇಸತ್ತರು. 2011ರ ಫೆಬ್ರವರಿಯಲ್ಲಿ ಆಕ್ಟಿವಿಷನ್ ಕಂಪನಿ ಗಿಟಾರ್ ಹೀರೋ ವಿಭಾಗವನ್ನೇ ಮುಚ್ಚುವುದಾಗಿ ಘೋಷಿಸಿತು. ಉಳಿದದ್ದು ಗಿಟಾರುಗಳು. ಅಮೆರಿಕದ ಗ್ಯಾರೇಜುಗಳಲ್ಲಿ, ನೆಲಮಾಳಿಗೆಗಳಲ್ಲಿ, ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅವು ಇಂದಿಗೂ ಸಿಗುತ್ತವೆ, ಬಹಳಷ್ಟು ‘ಕೆಟ್ಟಿದೆ’ ಎಂಬ ಹಣೆಪಟ್ಟಿಯೊಂದಿಗೆ. ಆ ಹಣೆಪಟ್ಟಿಯನ್ನು ನಂಬಬೇಕಿಲ್ಲ ಎಂಬುದು ನನ್ನ ವಾದ. ಈ ಗಿಟಾರುಗಳಲ್ಲಿ ಕೆಡುವುದು ಹೆಚ್ಚಾಗಿ ಕೈ ತಾಗುವ ಜಾಗ, ಬಾಗುವ ಭಾಗ ಮತ್ತು ಬ್ಯಾಟರಿಯ ಗೂಡು. ಈ ಮೂರೂ ಮನೆಯಲ್ಲೇ ಸರಿಯಾಗುವಂಥವು.

ಒಳಗಿನ ರಚನೆ ನೋಡಿದರೆ ಕಾರಣ ತಿಳಿಯುತ್ತದೆ. ಹೆಸರು, ರೂಪ ಏನೇ ಇರಲಿ, ಇದು ಹತ್ತಾರು ಸ್ವಿಚ್‌ಗಳನ್ನು ಉದ್ದನೆಯ ಚಿಪ್ಪಿನೊಳಗೆ ಹರಡಿಟ್ಟ ಒಂದು ಸಾಧನ. ಬಣ್ಣದ ಬಟನ್‌ಗಳ ಅಡಿಯಲ್ಲಿ ನಮ್ಮ ಟಿವಿ ರಿಮೋಟಿನಲ್ಲಿರುವಂಥದೇ ಮೆತ್ತನೆಯ ರಬ್ಬರ್ ಹಾಳೆ ಇರುತ್ತದೆ. ಪ್ರತಿ ಬಟನ್ನಿನ ಕೆಳಗೆ ಆ ರಬ್ಬರಿಗೆ ಕಪ್ಪು ಇಂಗಾಲದ ಬಿಲ್ಲೆಯೊಂದು ಅಂಟಿರುತ್ತದೆ. ಬಟನ್ ಒತ್ತಿದಾಗ ಅದು ಸರ್ಕ್ಯೂಟ್ ಬೋರ್ಡಿನ ಮೇಲಿನ ಎರಡು ಗೆರೆಗಳನ್ನು ಕೂಡಿಸುತ್ತದೆ, ಅಷ್ಟೆ. ವರ್ಷಗಟ್ಟಲೆ ಬೆರಳಿನ ಬೆವರು, ಜಿಡ್ಡು, ಚಿಪ್ಸಿನ ಎಣ್ಣೆ ಸಂದಿಯಲ್ಲಿ ಇಳಿದು ಈ ಎರಡರ ನಡುವೆ ಪದರವಾಗಿ ಕೂರುತ್ತವೆ. ಆಗ ಬಟನ್ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಇಲ್ಲ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಕಡ್ಡಿಗೆ ಹಚ್ಚಿ ಬೋರ್ಡಿನ ಗೆರೆಗಳನ್ನು ಒರೆಸಿದರೆ ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತದೆ. ರೋಗ ಎಲ್ಲಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಂಗಾಲದ ಬಿಲ್ಲೆಯನ್ನು ಮಾತ್ರ ಉಜ್ಜಬಾರದು, ಅದಕ್ಕೆ ಹತ್ತಿಕಡ್ಡಿಯನ್ನು ಮೆಲ್ಲಗೆ ಒತ್ತಿ ತೆಗೆದರೆ ಸಾಕು. ಬಿಲ್ಲೆಯೇ ಸವೆದಿದ್ದರೆ ಪೆನ್ಸಿಲ್ಲಿನ ಸೀಸವನ್ನು ಅದರ ಮೇಲೆ ತಿಕ್ಕುವ ಉಪಾಯವೂ ಉಂಟು. ಕೆಲ ಕಾಲ ನಡೆಯುತ್ತದೆ, ಶಾಶ್ವತವಲ್ಲ. ಉಗುರುಬಣ್ಣ ತೆಗೆಯುವ ದ್ರಾವಣ ಬೇಡವೇ ಬೇಡ, ಅದರಲ್ಲಿರುವ ಅಸಿಟೋನ್ ಈ ಪ್ಲಾಸ್ಟಿಕನ್ನು ಕರಗಿಸುತ್ತದೆ. ಏನು ಬಿಗಿಯಾದರೂ ಹೊಲಿಗೆ ಯಂತ್ರದ ಎಣ್ಣೆ ಬಿಡುವ ನಮ್ಮ ಮನೆಗಳ ಅಭ್ಯಾಸವೂ ಇಲ್ಲಿ ಸಲ್ಲದು. ಎಣ್ಣೆ ಮತ್ತಷ್ಟು ಧೂಳನ್ನು ಹಿಡಿದು ಕೂರಿಸುತ್ತದೆ.

ಬಿಚ್ಚುವ ಮೊದಲು ಲಕ್ಷಣ ಓದುವುದು ಮುಖ್ಯ, ಏಕೆಂದರೆ ಈ ಗಿಟಾರ್ ತನ್ನ ದೋಷವನ್ನು ತಾನೇ ಹೇಳುತ್ತದೆ. ಯುಎಸ್‌ಬಿ ತಂತಿಯ ಗಿಟಾರನ್ನು ಕಂಪ್ಯೂಟರಿಗೆ ಸಿಕ್ಕಿಸಿ ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿ ತೆರೆದರೆ ಯಾವ ಬಟನ್ ಒತ್ತಿದಾಗ ಯಾವ ದೀಪ ಹೊತ್ತುತ್ತದೆಂದು ಕಾಣುತ್ತದೆ. ಒಂದು ಬಣ್ಣ ಮಾತ್ರ ಸತ್ತಿದ್ದರೆ ಅದರ ರಬ್ಬರು, ಅದರ ಗೆರೆ. ಐದೂ ಒಟ್ಟಿಗೆ ಸತ್ತು ಮೀಟುವ ಪಟ್ಟಿ ಮಾತ್ರ ಜೀವಂತವಿದ್ದರೆ ಐದು ಬಟನ್‌ಗಳೂ ಒಂದೇ ದಿನ ಕೆಟ್ಟಿರುವ ಸಂಭವ ಕಡಿಮೆ, ಅವುಗಳ ಸಂದೇಶ ಹಾದುಬರುವ ದಾರಿ ಕಡಿದಿರಬೇಕು. 2007ರ ‘ಗಿಟಾರ್ ಹೀರೋ 3’ ಜೊತೆ ಬಂದ ಲೆಸ್ ಪಾಲ್ ಮಾದರಿಯ ಗಿಟಾರಿನ ಕುತ್ತಿಗೆಯನ್ನು ಕಳಚಿಡಬಹುದು. ಅದರ ದುರ್ಬಲ ಜಾಗವೂ ಅದೇ ಕೂಡುಬಿಂದು. ಅಲ್ಲಿನ ಲೋಹದ ಮೊಳೆಗಳನ್ನು ಒರೆಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಪದೇ ಪದೇ ಕೈಕೊಟ್ಟರೆ ತಂತಿಗಳನ್ನು ನೇರವಾಗಿ ಬೆಸೆದು ಕಳಚುವ ಸೌಕರ್ಯವನ್ನೇ ಬಿಟ್ಟುಕೊಡುವವರಿದ್ದಾರೆ. ಸಾಗಿಸಲು ಅನುಕೂಲವಾಗಲೆಂದು ಮಾಡಿದ ವಿನ್ಯಾಸ ಆಡುವವನಿಗೆ ತೊಂದರೆಯಾಯಿತು ಅನ್ನಿ. ಮೀಟುವ ಪಟ್ಟಿಯ ಕಥೆ ಬೇರೆ. ಗಿಟಾರ್ ಹೀರೋ ಮಾದರಿಗಳಲ್ಲಿ ಅದರ ಎರಡು ಬದಿಗೂ ಟಿಕ್ ಎನ್ನುವ ಮೈಕ್ರೋಸ್ವಿಚ್‌ಗಳಿವೆ. ಒಂದು ಸಲ ಮೀಟಿದ್ದು ಎರಡು ಸಲ ಎಣಿಕೆಯಾದರೆ ಸ್ವಿಚ್ಚಿನೊಳಗಿನ ಲೋಹದ ಎಸಳು ಬಿಗಿ ಕಳೆದುಕೊಂಡು ಪುಟಿಯುತ್ತಿದೆ ಎಂದರ್ಥ. ಕಂಪ್ಯೂಟರ್ ಮೌಸಿನಲ್ಲಿ ಇರುವುದೂ ಇದೇ ಜಾತಿಯ ಸ್ವಿಚ್. ಬೆಂಗಳೂರಿನವರಾದರೆ ಹಳೆಯದನ್ನು ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಒಯ್ದು ಅಳತೆ ಹೋಲಿಸಿ ತರಬಹುದು. ಬದಲಾಯಿಸಲು ಬೆಸುಗೆ ಗೊತ್ತಿರಬೇಕು.

ಬಿಚ್ಚಿದರೆ ವಾರಂಟಿ ಹೋಗುತ್ತದೆ, ಸ್ಟಿಕ್ಕರಿನ ಮೇಲೇ ಹಾಗೆ ಬರೆದಿದೆಯಲ್ಲ ಎಂಬ ಆಕ್ಷೇಪವಿದೆ. ಇಷ್ಟು ಹಳೆಯ ವಸ್ತುವಿಗೆ ವಾರಂಟಿ ಎಲ್ಲಿಯದು? ಅದಿರಲಿ, ಅಂಥ ಸ್ಟಿಕ್ಕರುಗಳ ನ್ಯಾಯಬದ್ಧತೆಯೇ ಅಮೆರಿಕದಲ್ಲಿ ಪ್ರಶ್ನೆಗೆ ಒಳಗಾಗಿದೆ. 2018ರ ಏಪ್ರಿಲಿನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರು ಕಂಪನಿಗಳಿಗೆ ಈ ಬಗೆಯ ವಾರಂಟಿ ಷರತ್ತುಗಳ ಬಗ್ಗೆ ಎಚ್ಚರಿಕೆಯ ಪತ್ರ ಬರೆಯಿತು. ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮೂರೂ ಆ ಪಟ್ಟಿಯಲ್ಲಿದ್ದವು. ಹಾಗೆಂದು ಕಾನೂನು ಪೂರ್ತಿ ಆಟಗಾರರ ಪರ ನಿಂತಿದೆ ಎಂದೇನಲ್ಲ. ಕ್ಯಾಲಿಫೋರ್ನಿಯಾ 2023ರಲ್ಲಿ ಮಾಡಿದ ರಿಪೇರಿ ಹಕ್ಕಿನ ಕಾಯ್ದೆ ವಿಡಿಯೋ ಗೇಮ್ ಕನ್ಸೋಲುಗಳನ್ನು ಹೊರಗಿಟ್ಟಿದೆ. ಕಂಪನಿಯಿಂದ ಬಿಡಿಭಾಗ, ಕೈಪಿಡಿ ಬರುತ್ತದೆಂದು ಕಾಯುವುದು ವ್ಯರ್ಥ ಎನ್ನಲು ಇದೂ ಒಂದು ಕಾರಣ. ಶಾಕ್ ಹೊಡೆಯುವ ಭಯ ಇಲ್ಲಿ ಅನಗತ್ಯ, ಒಳಗೆ ಓಡುವುದು ಎರಡು ಪೆನ್ಸಿಲ್ ಸೆಲ್ಲುಗಳ ಅಥವಾ ಯುಎಸ್‌ಬಿಯ ಅಲ್ಪ ವಿದ್ಯುತ್ತು. ಎಚ್ಚರ ಬೇಕಿರುವುದು ಸೋರಿದ ಸೆಲ್ಲಿನ ಬಿಳಿ ಪುಡಿಯ ಬಗ್ಗೆ. ಅದು ಕ್ಷಾರ, ಚರ್ಮ ಸುಡುತ್ತದೆ. ಕೈಗವಸು ಹಾಕಿ, ಹತ್ತಿಕಡ್ಡಿಯಲ್ಲಿ ತುಸು ವಿನಿಗರ್ ಅಥವಾ ನಿಂಬೆರಸ ಹಚ್ಚಿ ಕರಗಿಸಿ, ಆಮೇಲೆ ಆಲ್ಕೋಹಾಲಿನಿಂದ ಒರೆಸಿ ಒಣಗಿಸಬೇಕು.

ಹೊಸದು ಕೊಂಡರಾಯಿತಲ್ಲ ಎಂಬ ಮಾತಿಗೆ ತೂಕವಿದೆ. 2024ರಲ್ಲಿ ಪಿಡಿಪಿ ಕಂಪನಿ ‘ರಿಫ್‌ಮಾಸ್ಟರ್’ ಎಂಬ ಹೊಸ ಗಿಟಾರನ್ನು ಸುಮಾರು 130 ಡಾಲರಿಗೆ ತಂದಿತು. ಆದರೆ ಅದು ಪ್ಲೇಸ್ಟೇಷನ್ 4, 5 ಮತ್ತು ಈಚಿನ ಎಕ್ಸ್‌ಬಾಕ್ಸ್‌ಗಳಿಗೆಂದು ಮಾಡಿದ್ದು. ಪ್ಲೇಸ್ಟೇಷನ್ 2 ಅಥವಾ ನಿಂಟೆಂಡೊದ ವೀ ಕನ್ಸೋಲ್ ಇಟ್ಟುಕೊಂಡು ಹಳೆಯ ಡಿಸ್ಕುಗಳನ್ನೇ ಆಡುವವರಿಗೆ ಅದರಿಂದ ಪ್ರಯೋಜನವಿಲ್ಲ. ಇನ್ನೊಂದೆಡೆ ‘ಕ್ಲೋನ್ ಹೀರೋ’ ಎಂಬ ಉಚಿತ ಆಟದಿಂದಾಗಿ ಹಳೆಯ ಗಿಟಾರುಗಳಿಗೆ ಕಂಪ್ಯೂಟರಿನಲ್ಲಿ ಹೊಸ ಜೀವ ಬಂದಿದೆ. ಮೂಲ ಬೋರ್ಡ್ ಸುಟ್ಟಿದ್ದರೂ ರಾಸ್ಪ್‌ಬೆರಿ ಪೈ ಪಿಕೊದಂಥ ಅಗ್ಗದ ಬೋರ್ಡನ್ನು ಒಳಗೆ ಕೂರಿಸಿ ಅದೇ ಬಟನ್‌ಗಳಿಂದ ಆಡುವವರಿದ್ದಾರೆ. ಎಲ್ಲ ಗಿಟಾರೂ ಬದುಕುತ್ತದೆ ಎಂದು ಮಾತ್ರ ಹೇಳಲಾರೆ. ಪ್ಲೇಸ್ಟೇಷನ್ 3ರ ನಿಸ್ತಂತು ಗಿಟಾರಿಗೆ ಅದರ ಜೊತೆ ಬಂದ ಯುಎಸ್‌ಬಿ ರಿಸೀವರೇ ಬೇಕು. ಅದು ಕಳೆದಿದ್ದರೆ ಎಷ್ಟು ಒರೆಸಿದರೂ ಕನ್ಸೋಲಿಗೆ ಸಂದೇಶ ಮುಟ್ಟದು. ಒಳಗಿನ ಚಪ್ಪಟೆ ರಿಬ್ಬನ್ ಕೇಬಲ್ಲು ಹರಿದಿದ್ದರೆ ಅದರ ರಿಪೇರಿ ಹೊಸಬರ ಕೈಗೆ ಒಗ್ಗುವ ಕೆಲಸವಲ್ಲ.

ಹಾಗಾಗಿ ಅನುಕ್ರಮ ಹೀಗಿರಲಿ: ಮೊದಲು ಬ್ಯಾಟರಿ ಗೂಡು, ಆಮೇಲೆ ಕುತ್ತಿಗೆಯ ಕೂಡುಬಿಂದು, ಅದಾದ ಮೇಲೆ ರಬ್ಬರು, ಕೊನೆಗೆ ಸ್ವಿಚ್. ನಕ್ಷತ್ರ ತಲೆಯ ಟಾರ್ಕ್ಸ್ ಸ್ಕ್ರೂಗಳಿದ್ದರೆ ತಕ್ಕ ಸ್ಕ್ರೂಡ್ರೈವರ್ ತರುವವರೆಗೆ ಕಾಯಿರಿ, ಚಾಕುವಿನಿಂದ ತಿರುಗಿಸಿದರೆ ತಲೆ ಸವೆದು ಮತ್ತೆ ಬಿಚ್ಚಲಾಗದು. ಇಷ್ಟೆಲ್ಲ ಮಾಡಿಯೂ ಗಿಟಾರ್ ಏಳದಿದ್ದರೆ ಕಸಕ್ಕೆ ಹಾಕಬೇಡಿ, ಬಿಡಿಭಾಗಕ್ಕೆಂದು ಹೇಳಿಯೇ ಮಾರಿ ಅಥವಾ ಕೊಡಿ. ಅದರ ಕಿತ್ತಳೆ ಬಟನ್ನು ಇನ್ನೊಬ್ಬರಿಗೆ ಬೇಕಾಗಿರುತ್ತದೆ.