ಹುಟ್ಟಿದ ಊರೇ ಸಾಕ್ಷಿಯಾದೀತೆ? ತರ್ಕದ ಪ್ರಶ್ನೆಗಳಲ್ಲಿ ದೋಷ ಹುಡುಕುವ ಬಗೆ

ಗೋಪಿನಾಥಂ (ಹನೂರು ತಾಲ್ಲೂಕು): ಈ ಊರಿನ ಹೆಸರು ಕೇಳಿದೊಡನೆ ರಾಜ್ಯದ ಬಹುತೇಕ ಮಂದಿಗೆ ನೆನಪಾಗುವುದು ಕಾಡುಗಳ್ಳ ವೀರಪ್ಪನ್. ಹೊಗೇನಕಲ್‌ಗೆ ಸಮೀಪದ, ಕಾವೇರಿ ವನ್ಯಧಾಮದ ಕಾಡು ಸುತ್ತುವರಿದ ಈ ಗ್ರಾಮ ಆತನ ಹುಟ್ಟೂರು. 2004ರ ಅಕ್ಟೋಬರ್ 18ರಂದು ತಮಿಳುನಾಡಿನ ಪಾಪಾರಪಟ್ಟಿ ಬಳಿ ಆತ ಹತನಾದ ನಂತರವೂ ಊರಿಗೆ ಅಂಟಿದ ಕಳಂಕ ಸುಲಭವಾಗಿ ಅಳಿಯಲಿಲ್ಲ. ಒಬ್ಬನ ಹುಟ್ಟೂರೆಂಬ ಸಂಗತಿಯಿಂದ ಇಡೀ ಊರಿನವರ ಗುಣಾವಗುಣಕ್ಕೆ ಜಿಗಿಯುವ ಈ ಆಲೋಚನೆಯಲ್ಲಿ ತಪ್ಪು ಎಲ್ಲಿದೆ? ಸ್ಪರ್ಧಾತ್ಮಕ ಪರೀಕ್ಷೆಗಳ ತಾರ್ಕಿಕ ಸಾಮರ್ಥ್ಯದ ಪ್ರಶ್ನೆಗಳು ಅಭ್ಯರ್ಥಿಗಳನ್ನು ಕೇಳುವುದೂ ಇದನ್ನೇ.

ಕೇಂದ್ರ ಲೋಕಸೇವಾ ಆಯೋಗವು 2011ರಲ್ಲಿ ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಗೆ ‘ಸಿಸ್ಯಾಟ್’ ಎಂದೇ ಪರಿಚಿತವಾದ ಎರಡನೇ ಪತ್ರಿಕೆಯನ್ನು ಸೇರಿಸಿತು. 80 ಪ್ರಶ್ನೆ, 200 ಅಂಕ, ಎರಡು ಗಂಟೆ. 2015ರಿಂದ ಇದು ಅರ್ಹತಾ ಪತ್ರಿಕೆ ಮಾತ್ರ. ಶೇ 33 ಅಂಕ ಗಳಿಸಿದರೆ ಸಾಕು. ಆದರೆ ಅಷ್ಟು ಬಾರದಿದ್ದಲ್ಲಿ ಮೊದಲ ಪತ್ರಿಕೆಯಲ್ಲಿ ಎಷ್ಟೇ ಅಂಕ ಬಂದರೂ ಪ್ರಯೋಜನವಿಲ್ಲ. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗದಷ್ಟು ಅಂಕ ಕಡಿತವೂ ಉಂಟು. ಪ್ರಶ್ನೆಪತ್ರಿಕೆ ಇಂಗ್ಲಿಷ್ ಹಾಗೂ ಹಿಂದಿಯಲ್ಲಿರುವುದರಿಂದ ಕನ್ನಡ ಮಾಧ್ಯಮದವರಿಗೆ ಭಾಷೆಯ ತೊಡಕು ಬೇರೆ. 2008ರಲ್ಲಿ ಆರಂಭವಾದ ಕಾನೂನು ಪ್ರವೇಶ ಪರೀಕ್ಷೆ ‘ಕ್ಲ್ಯಾಟ್’ನಲ್ಲೂ ತರ್ಕಕ್ಕೆ ಪ್ರತ್ಯೇಕ ವಿಭಾಗವಿದೆ. ಅಮೆರಿಕದ ಕಾನೂನು ಶಾಲೆಗಳ ‘ಎಲ್‌ಸ್ಯಾಟ್’ ಪರೀಕ್ಷೆಯಲ್ಲಂತೂ 2024ರ ಆಗಸ್ಟ್‌ನಿಂದ ಅಂಕಕ್ಕೆ ಪರಿಗಣಿಸುವ ಮೂರು ವಿಭಾಗಗಳಲ್ಲಿ ಎರಡು ತರ್ಕಕ್ಕೇ ಮೀಸಲು.

ಒಂದು ಮಾದರಿ ಪ್ರಶ್ನೆ

ಗೋಪಿನಾಥಂನ ಉದಾಹರಣೆಯನ್ನೇ ಪ್ರಶ್ನೆಯ ರೂಪಕ್ಕಿಳಿಸಿ ನೋಡಬಹುದು.

‘ವೀರಪ್ಪನ್ ಗೋಪಿನಾಥಂನಲ್ಲಿ ಹುಟ್ಟಿದವನು. ಆ ಊರಿನ ಕೆಲವರು ಆತನ ತಂಡದಲ್ಲಿದ್ದರು. ಆದ್ದರಿಂದ ಗೋಪಿನಾಥಂ ಜನರು ಆತನ ಬೆಂಬಲಿಗರು.’ ಈ ವಾದದ ದೋಷ ಯಾವುದು?

(ಅ) ವೀರಪ್ಪನ್ ಹುಟ್ಟಿದ ವರ್ಷವನ್ನು ತಿಳಿಸಿಲ್ಲ.
(ಆ) ಕೆಲವರ ನಡತೆಯನ್ನು ಆಧರಿಸಿ ಎಲ್ಲರ ಬಗ್ಗೆ ತೀರ್ಮಾನಿಸಿದೆ.
(ಇ) ಬೇರೆ ಊರಿನವರೂ ತಂಡದಲ್ಲಿದ್ದರೆಂಬುದನ್ನು ಹೇಳಿಲ್ಲ.
(ಈ) ದಂತಚೋರತನ ಅಪರಾಧವೆಂದು ಸಾಬೀತುಪಡಿಸಿಲ್ಲ.

ಸರಿಯುತ್ತರ (ಆ). ಆದರೆ ಹಲವರು (ಇ)ಗೆ ಮರುಳಾಗುವುದುಂಟು. ಏಕೆಂದರೆ ಅದು ನಿಜವಾದ ಮಾತು. ಬೇರೆ ಊರಿನವರು ತಂಡದಲ್ಲಿದ್ದರೂ ಇಲ್ಲದಿದ್ದರೂ ಗೋಪಿನಾಥಂ ಕುರಿತ ತೀರ್ಮಾನಕ್ಕೆ ಅದರಿಂದ ಏನೂ ಆಗದು. ಇಂಥ ಪ್ರಶ್ನೆಗಳಲ್ಲಿ ನಿಜವಾದ ಹೇಳಿಕೆಯೆಲ್ಲ ಸರಿಯುತ್ತರವಲ್ಲ. ವಾದ ಮುರಿದುಬಿದ್ದ ಜಾಗವನ್ನು ತೋರಿಸುವುದೇ ಸರಿಯುತ್ತರ.

ಒಂದು ಅಗುಳು ಹಿಸುಕಿ ನೋಡಿ ಅನ್ನ ಬೆಂದಿದೆಯೆಂದು ಹೇಳುವುದು ನಮ್ಮ ಅಡುಗೆಮನೆಯ ತರ್ಕ. ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಎಲ್ಲ ಅಗುಳೂ ಬೇಯುವುದರಿಂದ ಅದು ಸರಿ. ಮನುಷ್ಯರು ಹಾಗಲ್ಲ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ಇದೇ ಊರಿನಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸಿ, ಜನರ ಆರೋಗ್ಯ, ವಸತಿಗೆ ದುಡಿದು, ತಂಡದ ಹಲವರ ಮನವೊಲಿಸಿ ಶರಣಾಗುವಂತೆ ಮಾಡಿದ್ದರು. ಶರಣಾಗುವುದಾಗಿ ನಂಬಿಸಿ 1991ರ ನವೆಂಬರ್ 10ರಂದು ವೀರಪ್ಪನ್ ಅವರನ್ನು ಕೊಂದ. ಮರಣಾನಂತರ ಕೀರ್ತಿಚಕ್ರ ಪಡೆದ ಆ ಅಧಿಕಾರಿಯನ್ನು ಗೋಪಿನಾಥಂ ಜನ ಇಂದಿಗೂ ಗೌರವದಿಂದ ನೆನೆಯುತ್ತಾರೆ. ‘ಎಲ್ಲರೂ’ ಎಂಬ ತೀರ್ಮಾನವನ್ನು ಕೆಡವಲು ಇಷ್ಟು ಸಾಕು.

ತಿರುಗುಮುರುಗಾದ ತರ್ಕ

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದುದು. ‘ಬೆಂಬಲಿಗರು ಕಾಡುಗಳ್ಳರಿಗೆ ಅಕ್ಕಿ, ಬೇಳೆ ಕೊಡುತ್ತಾರೆ. ಈತ ಅಕ್ಕಿ ಕೊಟ್ಟಿದ್ದಾನೆ. ಆದ್ದರಿಂದ ಈತ ಬೆಂಬಲಿಗ.’ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಬೆಂಬಲಿಗರೆಲ್ಲ ಅಕ್ಕಿ ಕೊಡುತ್ತಾರೆ ಎಂಬುದರಿಂದ ಅಕ್ಕಿ ಕೊಟ್ಟವರೆಲ್ಲ ಬೆಂಬಲಿಗರು ಎಂದಾಗದು. ಬಂದೂಕು ಎದೆಗೆ ಗುರಿಯಿಟ್ಟಾಗಲೂ ಮನುಷ್ಯ ಅಕ್ಕಿ ಕೊಡುತ್ತಾನೆ. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದವನನ್ನೂ ಜನ ಹೆಂಡ ಕುಡಿದನೆನ್ನುತ್ತಾರೆ ಎಂಬ ಗಾದೆ ಎಚ್ಚರಿಸುವುದೂ ಇಂಥ ಅವಸರವನ್ನೇ.

ಮೂರನೆಯದು ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ನಂಟು ಕಲ್ಪಿಸುವ ದೋಷ. ‘ವೀರಪ್ಪನ್ ಸತ್ತ ಮೇಲೆ ಆನೆಗಳ ಸಂಖ್ಯೆ ಹೆಚ್ಚಿತು; ಆದ್ದರಿಂದ ಆತನ ಸಾವೇ ಹೆಚ್ಚಳಕ್ಕೆ ಕಾರಣ’ ಎಂದು ಪ್ರಶ್ನೆಪತ್ರಿಕೆಯಲ್ಲಿ ಇದೆಯೆಂದು ಭಾವಿಸೋಣ. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಕಾರಣ ಸಿದ್ಧವಾಗದು. ಕಾವೇರಿ ವನ್ಯಧಾಮ ಘೋಷಣೆಯಾದದ್ದು 1987ರಲ್ಲಿ; ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ನಿರ್ಧಾರವಾದದ್ದು 1989ರಲ್ಲಿ. ಇಂಥ ಬೇರೆ ಕಾರಣಗಳನ್ನು ಮುಂದಿಡುವ ಆಯ್ಕೆಯೇ ವಾದವನ್ನು ದುರ್ಬಲಗೊಳಿಸುತ್ತದೆ.

ನಾಲ್ಕನೆಯದು ‘ಇದಿಲ್ಲದೆ ಆಗದು’ ಎಂಬುದನ್ನು ‘ಇದೊಂದೇ ಸಾಕು’ ಎಂದು ತಿಳಿಯುವುದು. ಭಯ ತೊಲಗದೆ ಗೋಪಿನಾಥಂಗೆ ಪ್ರವಾಸಿಗರು ಬರುವುದು ಕಷ್ಟವಿತ್ತೆಂಬುದು ನಿಜ. ಆದರೆ ಭಯ ತೊಲಗಿದ ಮಾತ್ರಕ್ಕೆ ಯಾರೂ ಬರುತ್ತಿರಲಿಲ್ಲ. ಜಂಗಲ್ ಲಾಡ್ಜಸ್ ಸಂಸ್ಥೆ ಇಲ್ಲಿ ಚಾರಣ ಶಿಬಿರವನ್ನೂ ತೆರೆಯಬೇಕಾಯಿತು.

ಹುಡುಕುವ ಕ್ರಮ

ದೋಷ ಹುಡುಕಲು ಹೊರಟವರು ಮೊದಲು ತೀರ್ಮಾನವನ್ನು ಗುರುತಿಸಬೇಕು. ‘ಆದ್ದರಿಂದ’, ‘ಹೀಗಾಗಿ’ ಎಂಬ ಪದಗಳು ದಾರಿ ತೋರುತ್ತವೆ. ನಂತರ ಅದಕ್ಕೆ ಕೊಟ್ಟ ಕಾರಣಗಳನ್ನು ಸದ್ಯಕ್ಕೆ ನಿಜವೆಂದೇ ಒಪ್ಪಿಕೊಳ್ಳಬೇಕು. ಕಾರಣ ಸುಳ್ಳೆಂದು ವಾದಿಸುವುದು ಇಲ್ಲಿನ ಕೆಲಸವಲ್ಲ. ಮೂರನೆಯದಾಗಿ, ಕಾರಣದಿಂದ ತೀರ್ಮಾನಕ್ಕೆ ದಾಟುವಾಗ ಬಾಯಿಬಿಟ್ಟು ಹೇಳದೆ ಬಿಟ್ಟ ಊಹೆ ಯಾವುದೆಂದು ಕೇಳಿಕೊಳ್ಳಬೇಕು. ಆಯ್ಕೆಗಳನ್ನು ಓದುವ ಮುನ್ನವೇ ಆ ಬಿರುಕನ್ನು ಸ್ವಂತ ಮಾತಿನಲ್ಲಿ ಹೇಳಿಕೊಂಡರೆ ಮರುಳಾಗುವ ಸಂಭವ ಕಡಿಮೆ. ‘ಕೆಲವು’, ‘ಎಲ್ಲ’, ‘ಮಾತ್ರ’, ‘ಬಹುತೇಕ’ ಎಂಬ ಸಣ್ಣ ಪದಗಳ ಮೇಲೆ ಸದಾ ಕಣ್ಣಿರಬೇಕು.

ಈ ವಿದ್ಯೆ ಪರದೇಶದಿಂದ ಬಂದ ಹೊಸತೇನಲ್ಲ. ಗೌತಮನ ನ್ಯಾಯಸೂತ್ರಗಳು ಕಾರಣದಂತೆ ತೋರಿಯೂ ಕಾರಣವಲ್ಲದ್ದನ್ನು ‘ಹೇತ್ವಾಭಾಸ’ವೆಂದು ಕರೆದು ಐದು ಬಗೆಯಾಗಿ ವಿಂಗಡಿಸಿವೆ.

ಪರೀಕ್ಷಾ ಕೊಠಡಿಯ ಹೊರಗೆ

ಪರೀಕ್ಷೆಯಲ್ಲಿ ತರ್ಕ ತಪ್ಪಿದರೆ ಅಂಕ ಹೋಗುತ್ತದೆ. ಹೊರಗೆ ತಪ್ಪಿದರೆ ಬದುಕೇ ಹೋದೀತು. ವೀರಪ್ಪನ್ ಬೇಟೆಯ ವರ್ಷಗಳಲ್ಲಿ ಗಡಿಯ ಹಳ್ಳಿಗಳ ಅನೇಕರು ಸಂಶಯದ ಮೇಲೆ ಟಾಡಾ ಕಾಯ್ದೆಯಡಿ ಬಂಧಿತರಾದರು. ಅವರಲ್ಲಿ ಹಲವರು ವರ್ಷಗಟ್ಟಲೆ ಸೆರೆಮನೆಯಲ್ಲಿದ್ದು, 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯದಿಂದ ಖುಲಾಸೆಗೊಂಡರು. ದೌರ್ಜನ್ಯದ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದ ಸಮಿತಿ ನೇಮಿಸಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರವನ್ನು ಆಯೋಗ ಶಿಫಾರಸು ಮಾಡಿತು.

ಹಾಗೆಂದು ‘ಹಲವರು ಖುಲಾಸೆಯಾದರು, ಆದ್ದರಿಂದ ಬಂಧಿತರೆಲ್ಲ ನಿರಪರಾಧಿಗಳು’ ಎಂದರೆ ಅದೂ ಮೊದಲಿನ ದೋಷವೇ. ಅದೇ ಪ್ರಕರಣಗಳಲ್ಲಿ ಶಿಕ್ಷೆಯಾದವರೂ ಇದ್ದರು. ವಾದದಲ್ಲಿ ದೋಷವಿದೆಯೆಂದ ಮಾತ್ರಕ್ಕೆ ತೀರ್ಮಾನ ಸುಳ್ಳೆಂದು ಸಾಬೀತಾಗುವುದಿಲ್ಲ. ಅದು ಇನ್ನೂ ಸಾಬೀತಾಗಿಲ್ಲ ಎಂದಷ್ಟೇ ಅರ್ಥ. ಒಬ್ಬೊಬ್ಬರ ವಿಷಯದಲ್ಲೂ ಬೇಕಾದದ್ದು ಅವರವರ ಕೃತ್ಯದ ಸಾಕ್ಷ್ಯ, ಊರಿನ ಹೆಸರಲ್ಲ. ನಾಳೆ ಅಧಿಕಾರದ ಕುರ್ಚಿಯಲ್ಲಿ ಕುಳಿತು ಜನರ ಹಣೆಬರಹ ಬರೆಯುವವರನ್ನು ಆರಿಸುವ ಪರೀಕ್ಷೆಯಲ್ಲಿ ಇಂಥ ಪ್ರಶ್ನೆಗಳಿರುವುದು ಸರಿಯಾಗಿಯೇ ಇದೆ.