ಹಸುವಿನ ಕೊರಳಪಟ್ಟಿ ಮತ್ತು ಜಡತ್ವದ ಗುಣ

ನಿಂತ ಚಕ್ಕಡಿಯನ್ನು ಎತ್ತುಗಳು ಒಮ್ಮೆಲೇ ಎಳೆದರೆ ಕುಳಿತವರು ಹಿಂದಕ್ಕೆ ವಾಲುತ್ತಾರೆ. ಓಡುವ ಚಕ್ಕಡಿ ತಟ್ಟನೆ ನಿಂತರೆ ಮುಂದಕ್ಕೆ ಮುಗ್ಗರಿಸುತ್ತಾರೆ. ಇದ್ದ ಸ್ಥಿತಿಯಲ್ಲಿಯೇ ಇರಬಯಸುವ ವಸ್ತುವಿನ ಈ ಗುಣಕ್ಕೆ ಜಡತ್ವವೆಂದು ಹೆಸರು. ಇದನ್ನೇ ಆಧಾರವಾಗಿಟ್ಟುಕೊಂಡು ಚಲನೆಯನ್ನು ಅಳೆಯುವ ಉಪಕರಣಗಳು ಈಗ ದನದ ಕೊಟ್ಟಿಗೆಯವರೆಗೂ ಬಂದಿವೆ.

1852ರಲ್ಲಿ ಫ್ರಾನ್ಸ್ ದೇಶದ ಫುಕೋ ಎಂಬ ವಿಜ್ಞಾನಿಯು ವೇಗವಾಗಿ ತಿರುಗುವ ಚಕ್ರದ ಮೂಲಕ ಭೂಮಿಯ ಭ್ರಮಣವನ್ನು ತೋರಿಸಿ, ಆ ಯಂತ್ರಕ್ಕೆ ಜೈರೋಸ್ಕೋಪ್ ಎಂದು ಹೆಸರಿಟ್ಟನು. 1958ರಲ್ಲಿ ಅಮೆರಿಕದ ನಾಟಿಲಸ್ ಎಂಬ ಜಲಾಂತರ್ಗಾಮಿಯು ಉತ್ತರ ಧ್ರುವದ ಹಿಮದಡಿಯಲ್ಲಿ ಸಾಗಿದಾಗ, ನಕ್ಷತ್ರ ಕಾಣದ ಆ ಕತ್ತಲಲ್ಲಿ ಇಂಥ ಉಪಕರಣಗಳು ದಾರಿ ತೋರಿದವು. 1990ರ ದಶಕದಲ್ಲಿ ಅವು ಸಿಲಿಕಾನ್ ಚೂರಿನೊಳಗೆ ಅಡಗುವಷ್ಟು ಕಿರಿದಾಗಿ, ಮೋಟಾರು ಗಾಡಿಗಳ ಗಾಳಿಚೀಲಗಳಿಗೆ ಬಂದವು. ಮೊಬೈಲನ್ನು ಓರೆ ಮಾಡಿದಾಗ ಚಿತ್ರ ತಿರುಗುವುದೂ, ಔಷಧ ಸಿಂಪಡಿಸುವ ಡ್ರೋನ್ ಗಾಳಿಯಲ್ಲಿ ಸಮನಾಗಿ ನಿಲ್ಲುವುದೂ ಇವುಗಳಿಂದಲೇ.

ಹಸುವಿನ ಕೊರಳಪಟ್ಟಿಯಲ್ಲಿಯೂ ಇಂಥದೇ ಚೂರು ಇರುತ್ತದೆ. ಬೆದೆಗೆ ಬಂದ ಹಸು ಹೆಚ್ಚು ಓಡಾಡುತ್ತದೆ, ಮೆಲುಕು ಹಾಕುವುದು ಕಡಿಮೆ. ಪಟ್ಟಿಯು ಇದನ್ನು ಅದೇ ಹಸುವಿನ ಉಳಿದ ದಿನಗಳ ಚಲನೆಯೊಡನೆ ಹೋಲಿಸಿ ಮೊಬೈಲಿಗೆ ಸುದ್ದಿ ಕಳಿಸುತ್ತದೆ. ಬೆದೆ ಸುಮಾರು 12ರಿಂದ 18 ತಾಸು ಮಾತ್ರ ಇರುವುದು. ಅನೇಕ ಸಲ ರಾತ್ರಿಯೇ ಬಂದು ಹೋಗುವುದು. ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಮೇವು ಹಿಂಡಿಯ ಖರ್ಚು ನಮ್ಮ ತಲೆಗೇ.

ಆದರೂ ಒಕ್ಕಲಿಗರು ಒಂದು ಮಾತನ್ನು ಮರೆಯಬಾರದು. ಈ ಉಪಕರಣವು ಅಲುಗಾಟವನ್ನು ಅಳೆಯುವುದೇ ಹೊರತು ಬೆದೆಯನ್ನು ನೇರವಾಗಿ ಕಾಣಲಾರದು. ನಮ್ಮಲ್ಲಿ ಹಸುಗಳನ್ನು ಗೂಟಕ್ಕೆ ಕಟ್ಟುವುದೇ ಹೆಚ್ಚು; ಕಟ್ಟಿದ ಹಸು ಓಡಾಡುವುದೆಲ್ಲಿ? ಎಮ್ಮೆಯ ಬೆದೆಯಂತೂ ಬಹಳ ಮೌನವಾದುದು. ಪಟ್ಟಿ ಸಡಿಲವಾದರೆ ಲೆಕ್ಕವೂ ತಪ್ಪುವುದು.

ಒಂದೆರಡು ಹಸು ಇದ್ದವರಿಗೆ ಬೆಳಗಿನ ಜಾವ ಮತ್ತು ರಾತ್ರಿ ಮಲಗುವ ಮುನ್ನ ಕೊಟ್ಟಿಗೆಯನ್ನು ನೋಡುವ ಕಣ್ಣೇ ಸಾಕು. ಲೋಳೆ, ಕೂಗು, ಚಡಪಡಿಕೆಗಳನ್ನು ಗುರುತಿಸಬೇಕು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸುವುದು ರೂಢಿ. ಬಿಚ್ಚಿ ಬಿಟ್ಟ ದೊಡ್ಡ ಮಂದೆಯುಳ್ಳವರು ಪಟ್ಟಿ ಕೊಳ್ಳುವುದಾದರೆ ಮೂರು ಪ್ರಶ್ನೆ ಕೇಳಲಿ: ಬ್ಯಾಟರಿ ಎಷ್ಟು ಕಾಲ ಬಾಳುವುದು? ಕೆಟ್ಟರೆ ದುರಸ್ತಿ ಮಾಡುವವರು ಎಲ್ಲಿದ್ದಾರೆ? ಸುದ್ದಿ ಕನ್ನಡದಲ್ಲಿ ಬರುವುದೇ? ಗಡಿಯಾಚೆಯ ನಮಗೆ ಈ ಮೂರನೆಯದೂ ಸಣ್ಣ ಪ್ರಶ್ನೆಯಲ್ಲ. ಓದಲಾಗದ ಎಚ್ಚರಿಕೆಯು ಎಚ್ಚರಿಕೆಯೇ ಅಲ್ಲ.